ಮೂರು ಗ್ಲಾಸು ಪುಡಿಯ ಪಥ್ಯ

ಹಸಿವನ್ನು ಗೆಲ್ಲುತ್ತೇನೆಂದು ಹೆಂಡತಿಯ ಎದುರು ಹೇಳಬಾರದು. ಹೇಳಿದರೂ ಅಡುಗೆಮನೆಯಲ್ಲಿ ನಿಂತು ಹೇಳಬಾರದು. ನಾನು ಅಲ್ಲೇ ನಿಂತು ಹೇಳಿದೆ. ಹಾವೇರಿಯ ನಮ್ಮ ಡಾಕ್ಟರು ಇಬ್ಬರಿಗೂ ತೂಕ ಇಳಿಸಲು ಹೇಳಿದ್ದರು. ಹೆಂಡತಿ ಗಿರಿಜಾ ಅಂದಿನಿಂದಲೇ ಮೊಬೈಲಿನಲ್ಲಿ ಕ್ಯಾಲೊರಿ ಬರೆಯತೊಡಗಿದಳು. ಜೋಳದ ರೊಟ್ಟಿಗೆ ಇಷ್ಟು, ಒಂದು ಚಮಚ ಶೇಂಗಾ ಚಟ್ನಿಗೆ ಇಷ್ಟು. ಬದನೆಕಾಯಿ ಪಲ್ಯಕ್ಕೆ ಎಣ್ಣೆಯನ್ನೂ ಅಳೆದೇ ಹಾಕುವಳು. ದಿನವಿಡೀ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಮನೆಯಲ್ಲೂ ಕೂಡಿಸುವ ಉಮೇದಿರಲಿಲ್ಲ. ರಾಣೆಬೆನ್ನೂರಿನ ಅಂಗಡಿಯೊಂದರಿಂದ ತೂಕ ಇಳಿಸುವ ಪುಡಿಯ ಡಬ್ಬಿ ತಂದೆ. ದಿನಕ್ಕೆ ಮೂರು ಗ್ಲಾಸು ಪುಡಿನೀರು, ಜೊತೆಗೆ ಸೌತೆಕಾಯಿ. ಮುಗಿಯಿತು.

“ಡಾಕ್ಟರನ್ನ ಕೇಳೀರೇನು?” ಎಂದಳು ಗಿರಿಜಾ.

“ನೀ ಎರಡು ತಿಂಗಳಿಗೆ ಇಳಿಸೋದನ್ನ ನಾ ಎರಡು ವಾರದಾಗ ಇಳಸ್ತೇನಿ” ಎಂದೆ. ಡಾಕ್ಟರನ್ನು ಕೇಳಿರಲಿಲ್ಲ.

ಮೊದಲ ದಿನ ಸಂತನಂತಿದ್ದೆ. ಎರಡನೆಯ ದಿನ ಬೋರ್ಡಿನ ಮೇಲೆ ವೃತ್ತ ಬರೆದು, ಅದನ್ನೇ ನೋಡುತ್ತ ಬಹಳ ಹೊತ್ತು ನಿಂತೆ. ನಾಲ್ಕನೆಯ ದಿನ ಭಾನುವಾರ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಗೆಳೆಯ ರಹಿಮಾನನ ಮನೆಗೆ ಹೋದೆ. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಕುರ್ಚಿಯಿಂದ ಎದ್ದವನಿಗೆ ತಲೆ ಗಿರ್ರೆಂದಿತು. ಚಾಪೆಯ ಮೇಲೆ ಕುಸಿದೆ.

ರಹಿಮಾನನ ತಾಯಿ ಓಡಿಬಂದು ಮುಖಕ್ಕೆ ನೀರು ಚಿಮುಕಿಸಿದರು. “ಮುಂಜಾನೆ ಏನ್ ತಿಂದೀಯಪ್ಪಾ?”

“ಪುಡಿ ಕುಡದೇನ್ರಿ ಅಮ್ಮಾ.”

ಅವರ ಕೈ ನಿಂತಿತು. “ಎಂಥಾ ಪುಡಿ? ಮನ್ಯಾಗ ಜಗಳ ಆಗೇತೇನು?”

ರಹಿಮಾನ ಆಗಲೇ ನನ್ನನ್ನು ಆಸ್ಪತ್ರೆಗೆ ಒಯ್ಯಲು ಕಾರಿನ ಕೀಲಿ ಹುಡುಕುತ್ತಿದ್ದ. “ತೂಕ ಇಳಿಸೂ ಪುಡಿರಿ” ಎಂದು ನಾನು ಒಪ್ಪಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯವರೂ ಬಂದಿದ್ದರು. ಅಮ್ಮ ಸಕ್ಕರೆ ನೀರು ಕುಡಿಸಿದರು, ಆಮೇಲೆ ರೊಟ್ಟಿ ಬಡಿಸಿದರು. ನಾನು ಬೇಡವೆನ್ನಲಿಲ್ಲ.

ರಹಿಮಾನ ಗಿರಿಜಾಗೆ ಫೋನ್ ಹಚ್ಚಿಕೊಟ್ಟ. ಆಕೆ ಬೈಯಲಿಲ್ಲ. “ಈಗ ಆರಾಮ ಅದೀರಿಲ್ಲ? ಏನೇನು ಉಂಡ್ರಿ, ಸಾವಕಾಶ ಹೇಳ್ರಿ, ಬರಕೋತೇನಿ” ಎಂದಳು.

“ನಾಕು ರೊಟ್ಟಿ” ಎಂದೆ.

“ಆರು” ಎಂದರು ಹಿಂದಿನಿಂದ ಅಮ್ಮ.

ಮರುದಿನ ಡಾಕ್ಟರು, ಅಷ್ಟು ಕಡಿಮೆ ಉಣ್ಣುವ ಪಥ್ಯವನ್ನು ತಾವು ಹೇಳದೆ ಮಾಡಕೂಡದೆಂದು ಗದರಿದರು. ಈಗ ನನ್ನ ಊಟವೂ ಗಿರಿಜಾಳ ಮೊಬೈಲಿಗೇ ಹೋಗುತ್ತದೆ. ಒಂದು ತಿಂಗಳಲ್ಲಿ ಅವಳು ಎರಡು ಕಿಲೋ ಇಳಿದಿದ್ದಾಳೆ. ನಾನೂ ಒಂದು ಕಿಲೋ ಇಳಿದೆನೆಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ. ಈ ಸಲ ಬೂಟು ಬಿಚ್ಚಿ ತೂಕದ ಯಂತ್ರ ಹತ್ತಿದ್ದನ್ನು ಮಾತ್ರ ಯಾರಿಗೂ ಹೇಳಿಲ್ಲ.