ಪಳೆಯುಳಿಕೆ ಇಲ್ಲದ ಊರಿನ ಪಳೆಯುಳಿಕೆ ಸಂಘ

ಕಲ್ಲು ಹುಡುಕಿಕೊಂಡು ಹೊರಟವರಿಗೆ ಕಲ್ಲು ಸಿಗುತ್ತದೋ ಬಿಡುತ್ತದೋ, ಮುಂದೆ ಹೇಳುವಂಥ ಪ್ರಸಂಗಗಳು ಮಾತ್ರ ಪ್ರತಿ ಭಾನುವಾರ ತಪ್ಪದೆ ಸಿಗುತ್ತವೆ. ನಮ್ಮ ಸಂಘದಲ್ಲಿರುವುದು ಮೂರೇ ಜನ, ತಾಲೂಕಿಗೊಬ್ಬರಂತೆ. ಸಾಗರದಿಂದ ನಿವೃತ್ತ ವಿಜ್ಞಾನ ಮೇಷ್ಟ್ರು, ಅವರೇ ಅಧ್ಯಕ್ಷರು. ತೀರ್ಥಹಳ್ಳಿಯಿಂದ ನಿವೃತ್ತ ಪೋಸ್ಟ್‌ಮ್ಯಾನ್, ನಮ್ಮ ಬಾಯಲ್ಲಿ ಪೋಸ್ಟಣ್ಣ. ಹೊಸನಗರದಿಂದ ನಾನು, ಬಟ್ಟೆ ಹೊಲಿಯುವವಳು. ಹೆಕ್ಕಿದ ಕಲ್ಲು ಹಾಕಲು ಚೀಲ ಹೊಲಿದುಕೊಡಿ ಎಂದು ಮೇಷ್ಟ್ರು ಒಂದು ದಿನ ಅಂಗಡಿಗೆ ಬಂದಿದ್ದರು. ಯಾತರ ಕಲ್ಲು ಎಂದು ಕೇಳಿದ್ದೇ ತಪ್ಪಾಯಿತು. ಒಂದು ಗಂಟೆ ಪಾಠ ಕೇಳಿ, ಚೀಲದ ಜೊತೆ ನಾನೂ ಸಂಘಕ್ಕೆ ಸೇರಿದೆ.

ಪಳೆಯುಳಿಕೆ ಎಂದರೆ ಬಹಳ ಹಿಂದೆ ಬದುಕಿದ್ದ ಜೀವಿ ಕಲ್ಲಿನೊಳಗೆ ಕಲ್ಲಾಗಿ ಉಳಿದದ್ದು. ನಮ್ಮ ಕಡೆ ಅದು ಸಿಗುವುದಿಲ್ಲ. ಇಲ್ಲಿರುವುದು ಜಂಬಿಟ್ಟಿಗೆ ಎಂಬ ಕೆಂಪು ತೂತುಗಲ್ಲು, ಅದರಡಿಗೆ ಚಿಪ್ಪು ಮೂಳೆ ಇರುವ ಜೀವಿಗಳು ಹುಟ್ಟುವುದಕ್ಕೂ ಮೊದಲಿನ ಬಂಡೆ. ಇದನ್ನು ನಮಗೆ ಹೇಳಿದವರೂ ಮೇಷ್ಟ್ರೇ. ಆದರೂ ಈ ಮೂರು ತಾಲೂಕಿನೊಳಗೆ ಒಂದನ್ನಾದರೂ ತಾವೇ ಕಣ್ಣಾರೆ ಹುಡುಕಬೇಕೆಂದು ಅವರ ಹಟ. ಅವರ ಎರಡೂ ಮಂಡಿ ಸವೆದುಹೋಗಿದ್ದವು, ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿದ್ದರು. ಒಂದು ಸಿಗುವವರೆಗೆ ಮಂಡಿ ಮುಟ್ಟಿಸುವುದಿಲ್ಲ ಎಂದು ಇವರು ಪಟ್ಟು ಹಿಡಿದರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಹೆಂಗಾದ್ರೂ ಮಾಡಿ ಒಂದು ಹುಡುಕಿಕೊಡೇ ಮಾರಾಯ್ತಿ. ಇವ್ರು ಮೆಟ್ಲು ಇಳಿಯೋದು ನೋಡಕ್ಕಾಗಲ್ಲ" ಎಂದಿದ್ದರು. ಅಂದಿನಿಂದ ನಾವು ಹುಡುಕುತ್ತಿದ್ದದ್ದು ಪಳೆಯುಳಿಕೆಯನ್ನಲ್ಲ, ಮೇಷ್ಟ್ರ ಮಂಡಿಯನ್ನು.

ಹುಂಚದ ಬಸ್ಸು

ರವಿಕೆ ಹೊಲಿದು ಮಿಕ್ಕ ತುಂಡಿನಲ್ಲೇ ನಾನು ಸಂಘದ ಚೀಲ ಹೊಲಿಯುವುದು. ಜರಿ ಅಂಚು ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಹಾಗಾಗಿ ನಮ್ಮ ಕಲ್ಲಿನ ಚೀಲ ಥೇಟ್ ಮದುವೆಮನೆಯ ತಾಂಬೂಲದ ಚೀಲ.

ಒಂದು ಸಲ ಹುಂಚದಿಂದ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಮದುವೆ ಊಟ ಮುಗಿಸಿ ಹೊರಟ ಹೆಂಗಸು. ಅರ್ಧ ದಾರಿಯಲ್ಲಿ ಇಳಿಯುವ ಗಡಿಬಿಡಿಯಲ್ಲಿ ನಮ್ಮ ಚೀಲ ಎತ್ತಿಕೊಂಡು ಹೋದರು. ನಾನು ಮನೆಗೆ ಬಂದು ಬಿಚ್ಚಿದರೆ ತೆಂಗಿನಕಾಯಿ, ಎಲೆ ಅಡಿಕೆ. ಅವರ ಪಾಲಿಗೆ ಹೋದದ್ದು ಮಣ್ಣು ಮೆತ್ತಿದ ಒಂದು ಕಲ್ಲು, ಜೊತೆಗೆ ಮೇಷ್ಟ್ರ ಚೀಟಿ: "ಬಲವಾದ ಅನುಮಾನ. ಮೂಳೆ ಇರಬಹುದು."

ತಾಂಬೂಲದಲ್ಲಿ ಮೂಳೆ ಕೊಟ್ಟರೆಂದು ಆಕೆ ಎರಡು ದಿನ ಆ ಮದುವೆಮನೆಯವರ ಜೊತೆ ಮಾತು ಬಿಟ್ಟರಂತೆ. ಮೂರನೇ ದಿನ ಚೀಲದ ಒಳಗೆ ನನ್ನ ಅಂಗಡಿಯ ಹೆಸರಿನ ಬಟ್ಟೆಪಟ್ಟಿ ಕಣ್ಣಿಗೆ ಬಿದ್ದು, ಹುಡುಕಿಕೊಂಡು ಬಂದರು. ಬೈಯುತ್ತಾರೆ ಎಂದು ನಾನು ಕತ್ತರಿ ಕೆಳಗಿಟ್ಟು ಎದ್ದು ನಿಂತೆ. ಅವರು ಬೈಯಲಿಲ್ಲ. ಮೂಳೆ ಎಂದಿದ್ದರಿಂದ ಮೈಲಿಗೆ ಆಗಬಾರದೆಂದು ಬ್ರಷ್ ಹಾಕಿ ತಿಕ್ಕಿ ತೊಳೆದು ತಂದಿದ್ದರು. ಮಣ್ಣೆಲ್ಲ ಹೋಗಿ ಒಳಗಿದ್ದದ್ದು ಕಾಣುತ್ತಿತ್ತು, ಹೆಂಚಿನ ಚೂರು. ಕಾರ್ಖಾನೆಯ ಅರ್ಧ ಹೆಸರೂ ಅದರ ಮೇಲಿತ್ತು. ನಮ್ಮ ಬಡತನ ನೋಡಿ ಮರುಗಿದರೋ ಏನೋ, ಒಂದು ಕಟ್ಟು ಹಲಸಿನ ಹಪ್ಪಳವನ್ನೂ ನನ್ನ ಕೈಗಿಟ್ಟು ಹೇಳಿದರು: "ನಮ್ ಕೊಟ್ಟಿಗೆ ಮೇಲೆ ಇಂಥದ್ದು ಬೇಕಾದಷ್ಟಿದಾವೆ. ಬೇಕಾದ್ರೆ ಹೇಳಿಕಳ್ಸಿ."

ಮೇಗರವಳ್ಳಿಯ ಮೊಟ್ಟೆ

ಮೇಗರವಳ್ಳಿ ಹತ್ತಿರ ಒಂದು ಹಳ್ಳದ ದಡದಲ್ಲಿ ಪೋಸ್ಟಣ್ಣ ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಉಂಬಳ ಕೀಳಲು ಬಗ್ಗಿದವರು ಹಾಗೇ ನಿಂತುಬಿಟ್ಟರು. ಪಾಚಿ ಹಿಡಿದ ಉದ್ದುರುಟು ಕಲ್ಲು, ಎರಡು ಕೈ ತುಂಬುವಷ್ಟು. ಮೇಷ್ಟ್ರು ಭೂತಗನ್ನಡಿ ಹಿಡಿದು ಮೂರು ಸುತ್ತು ನೋಡಿದರು. ಮೊಟ್ಟೆಯ ಆಕಾರ. ತುದಿಯಲ್ಲಿ ಮಣ್ಣು ತುಂಬಿದ ಒಂದು ತೂತು.

"ಮರಿ ಹೊರಗೆ ಬಂದ ಜಾಗ" ಎಂದರು ಮೇಷ್ಟ್ರು, ಮೆಲ್ಲಗೆ, ಮರಿ ಇನ್ನೂ ಅಲ್ಲೇ ಎಲ್ಲೋ ಇದ್ದ ಹಾಗೆ.

ನನಗೆ ಆಗಲೇ ಅನುಮಾನ ಬಂದಿತ್ತು. ಆದರೆ ಅವರ ಮುಖ ನೋಡಿ ಬಾಯಿ ಬರಲಿಲ್ಲ. ಪೋಸ್ಟಣ್ಣ ಅದನ್ನು ಟವೆಲಿನಲ್ಲಿ ಸುತ್ತಿ ಬಾಣಂತಿ ಮನೆಯ ಕೂಸಿನಂತೆ ಎತ್ತಿಕೊಂಡರು. ಉಂಬಳ ಕಚ್ಚಿದ ಜಾಗಕ್ಕೆ ಸುಣ್ಣ ಕೇಳೋಣವೆಂದು ಹತ್ತಿರದ ಮನೆಗೆ ಹೋದೆವು. ಜಗಲಿಯಲ್ಲಿದ್ದ ಅಜ್ಜಿ ಸುಣ್ಣದ ಡಬ್ಬಿ ಕೊಟ್ಟು ಟವೆಲಿನ ಕಡೆ ನೋಡಿದರು. ಏನು ಎಂದು ಕೇಳಿದ್ದಕ್ಕೆ ಮೇಷ್ಟ್ರು ಟವೆಲ್ ಸರಿಸಿ ತೋರಿಸಿದರು.

ಅಜ್ಜಿ ಅದನ್ನು ಸರಕ್ಕನೆ ಕಿತ್ತುಕೊಂಡು ಸೆರಗಿನಲ್ಲಿ ಒರೆಸಿದರು. ಅವರ ಒರಳಿನ ಗುಂಡು ಅದು. ತೂತು ಮರದ ಹಿಡಿ ಹಾಕುವ ಜಾಗ. ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ, ಚಟ್ನಿ ನುಣ್ಣಗಾಗಲಿಲ್ಲ ಎಂಬ ಜಗಳದಲ್ಲಿ ಅತ್ತೆ ಅದನ್ನು ಹಳ್ಳಕ್ಕೆ ಉರುಳಿಸಿದ್ದರಂತೆ. ಆಮೇಲೆ ಕಳೆದದ್ದು ಸೊಸೆಯೇ ಎಂದು ಸಾಯುವವರೆಗೂ ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಅಜ್ಜಿಗೆ ಆ ದಿನ ಆದ ಖುಷಿಯನ್ನು ನಾನು ಬೇರೆ ಯಾರ ಮುಖದಲ್ಲೂ ನೋಡಿಲ್ಲ. ನಮಗೆ ಕಡುಬು ಬಡಿಸಿದರು. ಬೇಡ ಬೇಡ ಎಂದರೂ ಕೇಳದೆ ಚಟ್ನಿಯನ್ನು ಆ ಗುಂಡಿನಲ್ಲೇ ಅರೆದರು. ಅಷ್ಟು ರುಚಿಯಾದ ಚಟ್ನಿ ತಿಂದ ನೆನಪು ನನಗಿಲ್ಲ. ಆದರೂ ಒಂದು ಮಾತು ಒಪ್ಪಲೇಬೇಕು, ಅದು ನುಣ್ಣಗಾಗಿರಲಿಲ್ಲ.

ನಗರದಲ್ಲಿ ನಿಧಿಗಳ್ಳರು

ನಮ್ಮ ತಾಲೂಕಿನಲ್ಲಿ ನಗರ ಎಂದೇ ಹೆಸರಿರುವ ಒಂದು ಊರಿದೆ. ಅಲ್ಲಿನ ಕೋಟೆಯಿಂದ ಸಾಕಷ್ಟು ದೂರದಲ್ಲೇ, ನೀರಿನ ತೋಡಿನ ಪಕ್ಕ ನಾವು ಸುತ್ತಿಗೆ ಹಿಡಿದು ಕೂತಿದ್ದೆವು. ಆದರೂ ಕೋಟೆಯ ಊರಲ್ಲಿ ಅಪರಿಚಿತರ ಕೈಯಲ್ಲಿ ಸುತ್ತಿಗೆ ಕಂಡರೆ ಜನ ಏನೆಂದುಕೊಳ್ಳುತ್ತಾರೆ ಎನ್ನುವುದು ನಮ್ಮ ತಲೆಗೆ ಹೊಳೆಯಲಿಲ್ಲ. ಅರ್ಧ ಗಂಟೆಯಲ್ಲಿ ಹತ್ತಿಪ್ಪತ್ತು ಜನ ಸುತ್ತುವರಿದರು. ನಿಧಿ ತೆಗೆಯೋಕೆ ಬಂದ್ರಾ, ಜೊತೆಗೆ ಮಂತ್ರವಾದಿ ಯಾರು, ಈ ಹೆಂಗಸು ಯಾಕೆ ಎಂದೆಲ್ಲ ಕೇಳಿದರು. ಪೋಸ್ಟಣ್ಣ ಬೆವರಿಹೋದರು. ಮೇಷ್ಟ್ರು ಮಾತ್ರ ಕನ್ನಡಕ ಒರೆಸಿಕೊಂಡು, ಭೂಮಿ ಬಿಸಿ ಉಂಡೆಯಾಗಿದ್ದ ಕಾಲದಿಂದ ವಿವರಣೆ ಶುರು ಮಾಡಿದರು.

ಭೂಮಿ ತಣ್ಣಗಾಗುವಷ್ಟರಲ್ಲಿ ಅರ್ಧ ಜನ ಹೋಗಿದ್ದರು. ಮೀನು ಹುಟ್ಟುವ ಹೊತ್ತಿಗೆ ಉಳಿದದ್ದು ನಾಲ್ಕು ಮಂದಿ. ಅಷ್ಟರಲ್ಲಿ ಬೈಕ್ ನಿಲ್ಲಿಸಿ ಬಂದ ಒಬ್ಬರು ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡಿದರು. ಹಳೆಯ ಶಿಷ್ಯ, ಈಗ ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು. ಅವರು ಬರದಿದ್ದರೆ ನಾವು ಠಾಣೆಯ ಬೆಂಚಿನ ಮೇಲೆ ಕೂರಬೇಕಿತ್ತು, ಆ ಪುಣ್ಯಾತ್ಮರನ್ನು ಇವತ್ತಿಗೂ ನೆನೆಯುತ್ತೇನೆ. ಊರವರ ಕಡೆ ತಿರುಗಿ ಅವರು ಕೊಟ್ಟ ಜಾಮೀನು ಮಾತ್ರ ಮೇಷ್ಟ್ರಿಗೆ ಅಷ್ಟು ಹಿಡಿಸಲಿಲ್ಲ.

"ನಮ್ ಮೇಷ್ಟ್ರು ಇವ್ರು. ಹೆದರ್ಬೇಡಿ, ಬಿಟ್ಬಿಡಿ. ಇವ್ರು ಎಷ್ಟು ಅಗೆದ್ರೂ ಏನೂ ಸಿಗಲ್ಲ."

ತೀರ್ಥಹಳ್ಳಿಯ ಮುಹೂರ್ತ

ಮಳೆ ಕಳೆಯುವ ಹೊತ್ತಿಗೆ ಮೇಷ್ಟ್ರಿಗೆ ಕೋಲಿಲ್ಲದೆ ನಾಲ್ಕು ಹೆಜ್ಜೆ ಆಗುತ್ತಿರಲಿಲ್ಲ. ಡಾಕ್ಟರು ಇನ್ನು ತಡ ಮಾಡಿದರೆ ಹಾಸಿಗೆಯೇ ಗತಿ ಎಂದರು. ಮೇಷ್ಟ್ರು ಆಗಲೂ ತಲೆ ಅಲ್ಲಾಡಿಸಿದರು. ಅವರ ಹೆಂಡತಿ ಫೋನಿನಲ್ಲಿ ಅತ್ತರು. ಅವತ್ತು ನನಗೂ ಹೊಲಿಗೆ ಓಡಲಿಲ್ಲ.

ಅಂಥದರಲ್ಲಿ ಪೋಸ್ಟಣ್ಣನ ತಮ್ಮನ ಮಗಳ ಮದುವೆ ಬಂತು. ತೀರ್ಥಹಳ್ಳಿಯಲ್ಲಿ ಹೊಸದಾಗಿ ಕಟ್ಟಿಸಿದ ಕಲ್ಯಾಣ ಮಂಟಪ, ನೆಲಕ್ಕೆಲ್ಲ ರಾಜಸ್ಥಾನದಿಂದ ತರಿಸಿದ ಹಳದಿ ಕಲ್ಲು. ಹಿರಿಯರು ಎಂದು ಮೇಷ್ಟ್ರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅಕ್ಷತೆ ಹಂಚಿ ಆಗಿತ್ತು, ಅಂತರಪಟ ಹಿಡಿದಾಗಿತ್ತು. ನೋಡುತ್ತೇನೆ, ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರಿಲ್ಲ. ನೆಲದ ಮೇಲೆ ಎರಡೂ ಮಂಡಿ ಊರಿ, ಮೂಗು ಕಲ್ಲಿಗೆ ತಾಗಿಸಿಕೊಂಡಿದ್ದಾರೆ.

ನಾನೂ ಬಗ್ಗಿದೆ. ಹಳದಿ ಕಲ್ಲಿನೊಳಗೆ ಬೆರಳುಗುರಿನಷ್ಟು ಅಗಲದ ಒಂದು ಚಿಪ್ಪು, ಮೈ ಮೇಲಿನ ಒಂದೊಂದು ಗೆರೆಯೂ ಹೊಲಿಗೆ ಹಾಕಿದಷ್ಟು ಸ್ಪಷ್ಟ. ಆ ಕಲ್ಲೆಲ್ಲ ಒಂದಾನೊಂದು ಕಾಲದ ಸಮುದ್ರದ ತಳ ಎಂದು ಮೇಷ್ಟ್ರು ಆಮೇಲೆ ಹೇಳಿದರು. ಆಗ ಅವರು ಆ ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದರು. ಪೋಸ್ಟಣ್ಣನೂ ಬಂದು ಕೂತರು. ಮೂವರು ನೆಲ ತಡವುವುದನ್ನು ಕಂಡ ಹಿಂದಿನ ಸಾಲಿನವರು, ಯಾರದೋ ಓಲೆ ಬಿದ್ದಿದೆ ಎಂದುಕೊಂಡು ತಾವೂ ಬಗ್ಗಿದರು. ಅದರ ಹಿಂದಿನ ಸಾಲಿಗೆ ಹೋಗುವಾಗ ಓಲೆ ಸರವಾಯಿತು. ಹೆಣ್ಣಿನ ಕಡೆಗೆ ಮುಟ್ಟುವಾಗ ಸರ ತಾಳಿಯೇ ಆಗಿತ್ತು. ಪುರೋಹಿತರು ಮಂತ್ರ ನಿಲ್ಲಿಸಿ ತಟ್ಟೆ ನೋಡಿಕೊಂಡರು. ಅರ್ಧ ಮದುವೆಮನೆ ಕುರ್ಚಿಯ ಕೆಳಗಿತ್ತು. ಆ ಹುಡುಕಾಟದಲ್ಲಿ ಎರಡು ಹೇರ್‌ಪಿನ್, ಒಂದು ಮಗುವಿನ ಗೆಜ್ಜೆ ಮತ್ತು ಹಿಂದಿನ ವಾರದ ಯಾವುದೋ ಮದುವೆಯವರ ಕಟ್ಟಿಸಿದ ಹಲ್ಲು ಸಿಕ್ಕವು.

ಹುಡುಗಿಯ ಅಪ್ಪ ಓಡಿಬಂದು ಕೈ ಮುಗಿದರು. "ಎಂತ ಹೋಯ್ತು ಹೇಳಿ ಮೇಷ್ಟ್ರೇ, ನಾನು ಮಾಡಿಸಿಕೊಡ್ತೀನಿ. ಮುಹೂರ್ತ ಮೀರ್ತಾ ಇದೆ."

ಮೇಷ್ಟ್ರು ತಲೆ ಎತ್ತಿದರು. ಕಣ್ಣು ತುಂಬಿಹೋಗಿತ್ತು. "ಹೋಗಿಲ್ಲ ಮಾರಾಯ್ರೇ" ಎಂದರು, "ಸಿಕ್ತು."

ಎದ್ದೇಳಿ ಎಂದರೆ ಮಂಡಿ ಹಿಡಿದುಕೊಂಡು ಏಳಲು ಬರಲಿಲ್ಲ. ಪುರೋಹಿತರು ಗಡಿಯಾರ ನೋಡಿ, ಅವರು ಅಲ್ಲೇ ಇರಲಿ ಎಂದು ಗಟ್ಟಿಮೇಳಕ್ಕೆ ಕೈ ಎತ್ತಿದರು. ಹಿಂದಿನವರು ಎಸೆದ ಅಕ್ಷತೆಯಲ್ಲಿ ಮುಕ್ಕಾಲು ಪಾಲು ಮೇಷ್ಟ್ರ ಬೆನ್ನಿನ ಮೇಲೆ ಬಿತ್ತು. ತಾಳಿ ಕಟ್ಟಿದ ಮೇಲೆ ನಾಲ್ಕು ಜನ ಸೇರಿ ಅವರನ್ನು ಎತ್ತಿ ಕೂರಿಸಿದರು. ಮುಹೂರ್ತದ ಹೊತ್ತಿನಲ್ಲಿ ಗಲಾಟೆ ಎಬ್ಬಿಸಿದ್ದಕ್ಕೆ ಆ ಮನೆಯವರು ಒಂದು ಮಾತೂ ಆಡಲಿಲ್ಲ. ಹುಡುಗಿಯ ಅಪ್ಪ ಮಂಟಪದವರಿಂದ ಒದ್ದೆ ಬಟ್ಟೆ ತರಿಸಿ, ಚಿಪ್ಪು ಚೆನ್ನಾಗಿ ಕಾಣಲೆಂದು ತಾವೇ ಒರೆಸಿದರು. ಆ ಉಪಕಾರ ನಾನು ಮರೆಯುವುದಿಲ್ಲ.

ಕಲ್ಲು ರಾಜಸ್ಥಾನದ್ದಲ್ಲವೇ, ಇದು ಲೆಕ್ಕಕ್ಕೆ ಬರುತ್ತದೆಯೇ ಎಂದು ಮೇಷ್ಟ್ರಿಗೇ ಸಂಶಯ ಹೊಕ್ಕಿತು. ಮದುವೆಗೆ ಜೊತೆಯಲ್ಲೇ ಬಂದಿದ್ದ ಅವರ ಹೆಂಡತಿಯ ಮುಖ ಬಿಳಿಚಿಕೊಂಡಿತು. ಪೋಸ್ಟಣ್ಣ ಬದುಕಿಡೀ ಮಾಡಿದ ಕೆಲಸ ಆಗ ಕೈ ಹಿಡಿಯಿತು. "ಕಾಗ್ದ ಎಲ್ಲಿಂದಾದ್ರೂ ಹೊರಡ್ಲಿ ಸಾರ್, ಬಟವಾಡೆ ಆಗಿದ್ದು ತೀರ್ಥಹಳ್ಳೀಲಿ" ಎಂದರು. ಮೇಷ್ಟ್ರು ಇನ್ನೊಮ್ಮೆ ಚಿಪ್ಪು ನೋಡಿ ಒಪ್ಪಿಕೊಂಡರು. ಅವರ ಹೆಂಡತಿ ಊಟಕ್ಕೂ ಕಾಯದೆ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು.

ಆಪರೇಷನ್ನಿನ ಹಿಂದಿನ ದಿನ ಪೋಸ್ಟಣ್ಣ, ನಾನು ಇಬ್ಬರೂ ಆಸ್ಪತ್ರೆಯಲ್ಲಿದ್ದೆವು. ಡಾಕ್ಟರು ಎಕ್ಸ್‌ರೇ ಹಿಡಿದು, ಸವೆದ ಮೂಳೆಯನ್ನು ಎಲ್ಲಿ ಕೊಯ್ದು ತೆಗೆಯುತ್ತೇವೆ ಎಂದು ವಿವರಿಸಿದರು. ಏನಾದರೂ ಕೇಳುವುದಿದೆಯೇ ಎಂದರು.

"ತೆಗೆದ ಮೂಳೇನ ನಮ್ಮ ಸಂಘಕ್ಕೆ ಕೊಡ್ತೀರಾ?" ಎಂದರು ಮೇಷ್ಟ್ರು. "ಅದು ರಾಜಸ್ಥಾನದ್ದಲ್ಲ, ಅಪ್ಪಟ ಸಾಗರದ್ದು."

ಅವರ ಹೆಂಡತಿ ಹಣೆ ಚಚ್ಚಿಕೊಂಡರು. ಡಾಕ್ಟರು ನಗು ತಡೆದುಕೊಂಡು, ಅದು ಪಳೆಯುಳಿಕೆ ಆಗಬೇಕಾದರೆ ಲಕ್ಷಾಂತರ ವರ್ಷ ಬೇಕಲ್ಲ ಸಾರ್ ಎಂದರು.

"ಪರವಾಗಿಲ್ಲ" ಎಂದರು ಮೇಷ್ಟ್ರು. "ನಮ್ಮ ಸಂಘಕ್ಕೆ ಅವಸರ ಏನಿಲ್ಲ."