ಐದು ನಿಮಿಷ ನೆಲ ಮುಟ್ಟದ ಹೆಲಿಕಾಪ್ಟರ್

ನಮ್ಮ ಮನೆಗೆ ಬಂದ ಯಾವ ಯಂತ್ರವೂ ಒಂದು ಮೂಲೆಯಲ್ಲಿ ಸುಮ್ಮನೆ ಕೂತು ತನ್ನ ಕೆಲಸ ಮಾಡಿಕೊಂಡು ಹೋದದ್ದಿಲ್ಲ. ಮಿಕ್ಸರ್ ಬಂದಾಗ ಒಂದು ಕಥೆ, ಫೋನು ಬಂದಾಗ ಇನ್ನೊಂದು. ತೊಂಬತ್ತರ ದಶಕದ ಕೊನೆಯಲ್ಲಿ ರಿಮೋಟಿನಿಂದ ಹಾರಿಸುವ ಹೆಲಿಕಾಪ್ಟರ್ ಬಂತು ನೋಡಿ, ಹಿಂದಿನ ಕಥೆಗಳೆಲ್ಲ ಸಪ್ಪೆಯಾದವು.

ನಾನು ಬಿಎಸ್ಸಿ. ಭೌತಶಾಸ್ತ್ರದಲ್ಲಿ ಮೊದಲ ದರ್ಜೆ. ಏನು ಮಾಡಿದರೂ ಬರೆದಿಡುವುದು ಕಾಲೇಜಿನಿಂದ ಬಂದ ಅಭ್ಯಾಸ. ಹಾರಾಟದ ಪುಸ್ತಕ ಈಗಲೂ ನನ್ನ ಬೀರುವಿನಲ್ಲಿದೆ. ದಿನ, ಜಾಗ, ಎತ್ತರ, ಮುರಿದದ್ದು ಎಂದು ಅದರಲ್ಲಿ ನಾಲ್ಕು ಕಾಲಮ್ಮು. ಕೊನೆಯದಕ್ಕೆ ಜಾಗ ಸಾಲದೆ ಎರಡನೇ ವಾರದಲ್ಲೇ ಗೆರೆ ಸರಿಸಬೇಕಾಯಿತು. ಇಲ್ಲಿ ಬರೆದಿರುವುದೆಲ್ಲ ಆ ಪುಸ್ತಕ ನೋಡಿಕೊಂಡೇ.

ಬಣ್ಣ ಬಿಡದ ಮಾಲು

ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಯಾರೋ ಇಂಥ ಹೆಲಿಕಾಪ್ಟರ್ ಹಾರಿಸುವುದನ್ನು ನೋಡಿದ್ದೆ. ಅದು ಆಳೆತ್ತರದಲ್ಲಿ ಅಲುಗಾಡದೆ ನಿಂತಿತ್ತು. ಇದು ನನ್ನಿಂದ ಆಗುತ್ತದೆ ಎಂದು ಅಲ್ಲೇ ತೀರ್ಮಾನ ಮಾಡಿದೆ. ಆಗ ನನಗೆ ಐವತ್ತೆರಡು, ಇಬ್ಬರು ಮೊಮ್ಮಕ್ಕಳು.

ನಮ್ಮ ಯಜಮಾನರದು ಬಟ್ಟೆ ವ್ಯಾಪಾರ. ವರ್ಷಕ್ಕೆರಡು ಸಲ ಖರೀದಿಗೆ ಮುಂಬಯಿಗೆ ಹೋಗುತ್ತಿದ್ದರು. ಆ ಸಲ ಅವರ ಜೇಬಿಗೆ ಒಂದು ಚೀಟಿ ಹಾಕಿದೆ. ಎಂಜಿನ್ ಯಾವ ಅಳತೆ, ರಿಮೋಟಿಗೆ ಎಷ್ಟು ಚಾನಲ್, ಬಾಲ ತಾನಾಗಿ ತಿರುಗದಂತೆ ಹಿಡಿದಿಡುವ ಗೈರೊ ಇರಲೇಬೇಕು, ಹೀಗೆ ಹನ್ನೊಂದು ಅಂಶ ಬರೆದಿದ್ದೆ. ಮೂರನೇ ದಿನ ಎಸ್‌ಟಿಡಿ ಬೂತಿನಿಂದ ಫೋನು ಬಂತು.

"ಅಂಗಡಿ ಮುಂದೇ ಅದೀನಿ. ಕೆಂಪು ಐತೆ, ನೀಲಿ ಐತೆ. ಯಾವುದು ತರ್ಲಿ?"

"ಗೈರೊ ಐತೇನ್ರಿ?"

"ಅದೆಲ್ಲ ನಂಗೆ ತಿಳಿಯಾಕಿಲ್ಲ. ಚೀಟಿ ಹೋಟೆಲ್ನಾಗೆ ಉಳೀತು."

"ಮತ್ತೆ ಏನು ವಿಚಾರಿಸಿದ್ರಿ ಇಷ್ಟೊತ್ತು?"

"ಬೆರಳಿಂದ ತಿಕ್ಕಿ ನೋಡೀನಿ. ಬಣ್ಣ ಬಿಡಲ್ಲ."

ಹರಳೆಣ್ಣೆ

ಕೆಂಪು ಹೆಲಿಕಾಪ್ಟರ್ ಬಂದದ್ದು ಒಂದು ಪೆಟ್ಟಿಗೆ ಬಿಡಿಭಾಗವಾಗಿ. ಚೀಟಿಯನ್ನು ಯಜಮಾನರು ಮರುದಿನ ಒಯ್ದು ತೋರಿಸಿದ್ದರಿಂದ ಗೈರೊ ಕೂಡ ಇತ್ತು. ಜೋಡಿಸಲು ಸಣ್ಣ ಸ್ಕ್ರೂ ತಿರುಪುವ ಉಪಕರಣ ಬೇಕಾಯಿತು. ಹರಿಹರದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿರುವ ನನ್ನ ಮೈದುನನನ್ನು ಕರೆಸಿದೆ. ಅದೇ ನಾನು ಮಾಡಿದ ತಪ್ಪು. ಪೆಟ್ಟಿಗೆ ನೋಡಿದ ಕೂಡಲೇ ಅವನ ಮುಖ ಮಗುವಿನ ಮುಖವಾಯಿತು.

"ಅತ್ತಿಗೆಮ್ಮ, ಇದು ಮಷಿನ್ ಕೆಲ್ಸ. ನಿಮಗೆ ಯಾಕ್ರಿ ಈ ತೊಂದ್ರೆ? ನಂಗೆ ಕೊಟ್ಟುಬಿಡ್ರಿ" ಎಂದ.

"ಮಷಿನ್ ಕೆಲ್ಸ ನಿಂದು ಇರಬಹುದು ಕಣಪ್ಪ, ಅದು ಹಾರೋ ಶಾಸ್ತ್ರ ನಾನು ಓದೀನಿ" ಎಂದೆ.

ವಾದ ಊಟದವರೆಗೂ ನಡೆಯಿತು. ಕೊನೆಗೆ ಯಜಮಾನರು ತೀರ್ಪು ಕೊಟ್ಟರು. ಇಬ್ಬರೂ ಕಲಿಯಬೇಕು. ಒಂದು ವಾರ ದಾವಣಗೆರೆಯಲ್ಲಿ ನನ್ನ ಸರದಿ, ಮುಂದಿನ ವಾರ ಹರಿಹರದಲ್ಲಿ ಅವನ ಸರದಿ. ಭತ್ತದ ಸುಗ್ಗಿಯ ಹೊತ್ತಿಗೆ ಪರೀಕ್ಷೆ. ಐದು ನಿಮಿಷ ನೆಲ ಮುಟ್ಟಿಸದೆ ಗಾಳಿಯಲ್ಲಿ ನಿಲ್ಲಿಸಿದವರಿಗೆ ಹೆಲಿಕಾಪ್ಟರ್ ಸ್ವಂತ, ಸೋತವರು ಮತ್ತೆ ಅದನ್ನು ಮುಟ್ಟುವಂತಿಲ್ಲ. ನನ್ನ ಹೆಲಿಕಾಪ್ಟರಿಗೆ ನಾನೇ ಪರೀಕ್ಷೆ ಕೊಡಬೇಕಾದ ಗತಿ ಬಂತು. ಆದರೂ ಒಪ್ಪಿದೆ. ಪರೀಕ್ಷೆಗೆ ನಾನು ಹೆದರಿದವಳಲ್ಲ.

ಸರಸ್ವತಿ ನಗರದ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಮೊದಲ ಸಲ ಎಂಜಿನ್ ಚಾಲೂ ಮಾಡುವ ದಿನ, ನಮ್ಮ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತರು. ಇಂಧನದಲ್ಲಿ ಹರಳೆಣ್ಣೆ ಬೆರೆಸಿರುತ್ತಾರೆ. ವಾಸನೆ ಅವರಿಗೆ ತಟ್ಟನೆ ಗೊತ್ತಾಯಿತು.

"ಹರಳೆಣ್ಣೆ ಯಾಕ ಕುಡಿಸ್ತಿ? ಹೊಟ್ಟೆ ಕಟ್ಟೈತೇನು ಅದಕ್ಕೆ?"

"ಎಂಜಿನ್ ಸವೀದಂಗೆ ನುಣ್ಣಗೆ ತಿರುಗ್ಲಿ ಅಂತ, ಅತ್ತೆ."

ಎಂಜಿನ್ ಹೊತ್ತಿಕೊಂಡಿತು. ಹೊಗೆ ಕೊಳವೆಯಿಂದ ಎಣ್ಣೆ ಚಿಮ್ಮಿ ನನ್ನ ಇಳಕಲ್ ಸೀರೆಯ ನೆರಿಗೆಗೆಲ್ಲ ಬಿತ್ತು. ಅತ್ತೆ ತೃಪ್ತಿಯಿಂದ ತಲೆಯಾಡಿಸಿದರು.

"ಸರಿಯಾಗೇ ಕೆಲ್ಸ ಮಾಡೈತೆ ಬಿಡು."

ಕೋಳಿ

ಕಲಿಯುವವರು ಮೊದಲು ಹೆಲಿಕಾಪ್ಟರಿನ ಕಾಲಿಗೆ ಎರಡು ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ, ನಾಲ್ಕು ತುದಿಗೆ ಪ್ಲಾಸ್ಟಿಕ್ ಚೆಂಡು ಸಿಕ್ಕಿಸಬೇಕು. ವಾಲಿದರೆ ಚೆಂಡು ನೆಲಕ್ಕೆ ತಾಗಿ ಅದು ಮಗುಚುವುದಿಲ್ಲ. ಹಾಗೆ ಕಟ್ಟಿಕೊಂಡು ಒಂದು ತಿಂಗಳು ಬರೀ ಕುಪ್ಪಳಿಸಿದೆ. ಆ ತಿಂಗಳ ಪುಟದಲ್ಲಿ 'ಎತ್ತರ: ಎರಡು ಅಂಗುಲ' ಎಂದೇ ಸಾಲಾಗಿ ಬರೆದಿದೆ.

ಎದುರು ಕಟ್ಟುತ್ತಿದ್ದ ಮನೆಯ ಕಾವಲುಗಾರನ ಹೆಂಡತಿ ದಿನವೂ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಒಂದು ದಿನ ಹೇಳಿದಳು, "ಅಮ್ಮಾರೆ, ನಮ್ಮ ಕೋಳಿ ಇದ್ರಕಿಂತ ಮ್ಯಾಲೆ ಹಾರ್ತೈತ್ರಿ."

ಕೋಳಿ ಎಷ್ಟು ಹಾರುತ್ತದೆಂದು ಅಳೆದು ಬರೆದುಕೊಂಡೆ. ಗೋಡೆಯ ಮೇಲಿನ ಗುರುತಿನ ಪ್ರಕಾರ ಮೂರೂವರೆ ಅಡಿ. ಮುಂದಿನ ತಿಂಗಳು ನನ್ನ ಹೆಲಿಕಾಪ್ಟರ್ ಆ ಗುರುತು ದಾಟಿತು. ದಾಟಿ, ಅಲ್ಲಿಂದ ನೇರ ಮರಳು ರಾಶಿಗೆ ಕುಕ್ಕಿತು.

"ಏನವ್ವ, ಈಗೇನಂತಿ?" ಎಂದು ಕೇಳಿದೆ.

ಅವಳು ಮುರಿದ ಕಡ್ಡಿಗಳನ್ನು ಆರಿಸಿ ಕೊಡುತ್ತ ಹೇಳಿದಳು, "ಹತ್ತೋದು ಕಲ್ತ್ರಿ. ಇಳಿಯೋದು ಮಾತ್ರ ಕೋಳಿನೇ ಕೇಳ್ರಿ."

ವಿಭೂತಿ

ಹೆಲಿಕಾಪ್ಟರಿನ ಎರಡು ರೆಕ್ಕೆಗಳು ಸಮತೂಕ ಇರಬೇಕು. ಒಂದು ಗುಲಗಂಜಿಯಷ್ಟು ವ್ಯತ್ಯಾಸವಾದರೂ ಇಡೀ ಯಂತ್ರ ನಡುಗುತ್ತದೆ. ಒಂದು ಜೊತೆ ಮರದ ರೆಕ್ಕೆ ಮುರಿದಾಗ ಹೊಸ ಬಿಳಿ ಫೈಬರ್ ರೆಕ್ಕೆ ತರಿಸಿ, ನಮ್ಮ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ಹಗುರ ಇದ್ದುದಕ್ಕೆ ಟೇಪು ಸುತ್ತಿ ಸರಿ ಮಾಡಿದೆ. ಚಿನ್ನ ತೂಗುವಾಗಲೂ ಅವರು ಅಷ್ಟು ಹೊತ್ತು ಉಸಿರು ಹಿಡಿದಿರಲಿಲ್ಲ.

ಅದು ಆಯುಧ ಪೂಜೆಯ ವಾರ. ಪೂಜೆಯ ಮರುದಿನ ಎಂಜಿನ್ ಚಾಲೂ ಮಾಡಿದರೆ ಹೆಲಿಕಾಪ್ಟರ್ ಗಡಗಡ ನಡುಗಿತು. ಹೂವು, ನಿಂಬೆಹಣ್ಣು ಎಲ್ಲ ಮೊದಲೇ ತೆಗೆದಿದ್ದೆ. ಸ್ಕ್ರೂ ಬಿಗಿ ಮಾಡಿದೆ, ಗೈರೊ ಬಿಚ್ಚಿ ನೋಡಿದೆ. ನಡುಕ ನಿಲ್ಲಲಿಲ್ಲ.

ಅತ್ತೆ ಕುರ್ಚಿಯಿಂದಲೇ ಹೇಳಿದರು, "ಅದಕ್ಕೆ ಗಾಳಿ ಮೆಟ್ಕೊಂಡೈತೆ. ಉಕ್ಕಡಗಾತ್ರಿ ಗುಡಿಗೆ ಕರ್ಕೊಂಡು ಹೋಗ್ರಿ. ಅಲ್ಲಿ ಎಂತೆಂಥೋರ ಮೈಯಾಗಿಂದ ಬಿಟ್ಟು ಹೋಗೈತೆ."

ಎರಡು ತಾಸಾದ ಮೇಲೆ ರೆಕ್ಕೆಗಳನ್ನು ಬೆರಳಿನಿಂದ ಸವರಿ ನೋಡಿದೆ. ಒಂದರ ಮೇಲ್ಭಾಗದಲ್ಲಿ ಮೂರು ಬೆರಳಿನ ವಿಭೂತಿ, ಚೆನ್ನಾಗಿ ನೀರಲ್ಲಿ ಕಲಸಿ ದಪ್ಪಗೆ ಬಳಿದದ್ದು, ಒಣಗಿ ಗಟ್ಟಿಯಾಗಿತ್ತು. ನಮ್ಮ ಮನೆಯಲ್ಲಿ ವಿಭೂತಿಯನ್ನು ಅಷ್ಟು ದಪ್ಪ ಹಚ್ಚುವವರು ಒಬ್ಬರೇ.

"ಅತ್ತೆ, ಒಂದೇ ರೆಕ್ಕೆಗೆ ಹಚ್ಚೀರಲ್ಲ?"

"ಹಣೆ ಒಂದೇ ಅಲ್ಲೇನು ಇರೋದು?"

ವಿಭೂತಿ ಒರೆಸುವಂತಿಲ್ಲ, ಅದು ಅವರ ಮಾತು. ಹಾಗಾಗಿ ಇನ್ನೊಂದು ರೆಕ್ಕೆಗೂ ಅಷ್ಟೇ ವಿಭೂತಿ ಹಚ್ಚಿ ಮತ್ತೆ ತಕ್ಕಡಿಗೆ ಒಯ್ದೆ. ಅಕ್ಕಸಾಲಿಗರು ಕನ್ನಡಕ ಏರಿಸಿ ನೋಡಿ ಕೇಳಿದರು, "ಅಕ್ಕಾರೆ, ಭಕ್ತಿ ಎಷ್ಟು ತೂಕ ಹಿಡೀಲಿ?"

ಉಕ್ಕು

ಅತ್ತ ಹರಿಹರದಲ್ಲಿ ಮೈದುನ ಬೇರೆ ದಾರಿ ಹಿಡಿದಿದ್ದ. ಅವನ ಪ್ರಕಾರ ಮುರಿಯುವುದೇ ತಪ್ಪು. ಪ್ರತಿ ಸಲ ಬಿದ್ದಾಗಲೂ ಮುರಿದ ಪ್ಲಾಸ್ಟಿಕ್ ಭಾಗದ ಬದಲು ತನ್ನ ಲೇತಿನಲ್ಲಿ ಉಕ್ಕಿನದು ಕಡೆದು ಕೂರಿಸಿದ. ಒಂದು ಶನಿವಾರ ಹೆಲಿಕಾಪ್ಟರ್ ಹೊತ್ತು ಬಂದಾಗ ಅವನಿಗೆ ಎರಡು ಕೈ ಬೇಕಾಯಿತು.

"ನೋಡ್ರಿ ಅತ್ತಿಗೆಮ್ಮ, ಮೊಮ್ಮಕ್ಕಳ ಕಾಲಕ್ಕೂ ಬರ್ತೈತೆ ಇದು."

ಮರುದಿನ ಎಂಜಿನ್ ಪೂರ್ತಿ ಏರಿಸಿದೆ. ರೆಕ್ಕೆ ತಿರುಗಿತು, ಧೂಳು ಎದ್ದಿತು, ನಮ್ಮ ತಂತಿಯ ಮೇಲಿನ ಬಟ್ಟೆಗಳು ಹಾರಿದವು. ಹೆಲಿಕಾಪ್ಟರ್ ಮಾತ್ರ ಏಳಲಿಲ್ಲ. ಅಡಿಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಮುಕ್ಕಾಲು ಕಿಲೊ ಹೆಚ್ಚಾಗಿತ್ತು.

"ಏಳಂಗೇ ಇಲ್ವಲ್ಲಪ್ಪ" ಎಂದೆ.

ಅವನು ಕೈ ಕಟ್ಟಿ ನಿಂತು ಸಮಾಧಾನದಿಂದ ಹೇಳಿದ, "ಹೌದ್ರಿ. ಆದ್ರೆ ಇನ್ನು ಬೀಳಂಗೂ ಇಲ್ಲ ನೋಡ್ರಿ."

ಬೈತಲೆ

ಹೆಲಿಕಾಪ್ಟರಿನ ಬಾಲ ನಮ್ಮ ಕಡೆ ಇರುವವರೆಗೂ ಸುಲಭ. ಮೂತಿ ನಮ್ಮ ಕಡೆ ತಿರುಗಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅಲ್ಲಿ ಮೈದುನ ಪ್ರತಿ ಸಲ ಎಡವುತ್ತಿದ್ದ. ನನಗೆ ಅದು ಎರಡನೇ ದಿನವೇ ಕೈಗೆ ಹತ್ತಿತು. ಎದುರಾಳಿಯಾದರೂ ಮನೆಯವನು, ಪಾಪ ಎನ್ನಿಸಿ ಗುಟ್ಟು ಹೇಳಿಕೊಟ್ಟೆ.

"ಕನ್ನಡಿ ಮುಂದೆ ನಿಂತು ಬೈತಲೆ ತೆಗೆಯಲ್ವೇನು, ಹಂಗೇ ಇದು. ತಲೆ ಬಾಚೋದು ನೆನೆಸ್ಕೊ."

ಅವನು ತನ್ನ ಬೋಳು ತಲೆ ಸವರಿಕೊಂಡ. "ಇಪ್ಪತ್ತು ವರ್ಷದ ಹಿಂದಿನ ಮಾತು ಹೇಳ್ತೀರಲ್ರಿ."

"ಹೋಗ್ಲಿ, ಗಡ್ಡ ಹೆರ್ಕೊಳ್ಳೋದು?"

"ಅದಕ್ಕೆ ಮನಿಗೇ ಮನುಷ್ಯ ಬರ್ತಾನ್ರಿ."

"ಹಂಗಾರೆ ಪರೀಕ್ಷೆಗೂ ಅವನ್ನೇ ಕಳ್ಸು."

ಪರೀಕ್ಷೆ

ಉಕ್ಕನ್ನೆಲ್ಲ ಕಿತ್ತು ಹಳೆಯ ಭಾಗ ಹಾಕಿ, ಸುಗ್ಗಿಯಲ್ಲಿ ಹೆಲಿಕಾಪ್ಟರನ್ನು ಶಾಮನೂರಿಗೆ ಒಯ್ದೆವು. ನಮ್ಮ ಸಂಬಂಧಿಕ ರೈತರೊಬ್ಬರ ಕಣ ಅಲ್ಲಿದೆ. ಒಕ್ಕಿದ ಭತ್ತ ರಾಶಿ ಬಿದ್ದಿತ್ತು, ತೂರಲು ಗಾಳಿಯಿಲ್ಲದೆ ಆಳುಗಳು ಬೆಳಗಿನಿಂದ ಸುಮ್ಮನೆ ಕೂತಿದ್ದರು. ನಮ್ಮ ಅತ್ತೆಯನ್ನೂ ಕರೆತಂದಿದ್ದೆವು. ಅವರಿಗೆ ಕಣ್ಣಿನ ಪೊರೆ ತೆಗೆಸಿ ಹತ್ತು ದಿನವಾಗಿತ್ತು. ಡಾಕ್ಟರು ಕೊಟ್ಟ ದೊಡ್ಡ ಕರಿ ಕನ್ನಡಕ ಹಾಕಿಕೊಂಡು ಗಾಡಿಯ ನೆರಳಲ್ಲಿ ಕೂತರು.

ಮೈದುನನ ಸರದಿ ಮೊದಲು. ಎರಡು ನಿಮಿಷ ಐವತ್ತು ಸೆಕೆಂಡು ಚೆನ್ನಾಗಿಯೇ ನಿಲ್ಲಿಸಿದ. ಆಮೇಲೆ ಮೂತಿ ಅವನ ಕಡೆ ತಿರುಗಿತು, ಅವನ ಮುಖ ನಮ್ಮ ಕಡೆ ತಿರುಗಿತು, ಚೆಂಡು ನೆಲಕ್ಕೆ ತಾಗಿತು.

ನಾನು ರಿಮೋಟು ಹಿಡಿದಾಗ ಕಣದ ರೈತರು ಹತ್ತಿರ ಬಂದರು.

"ತಾಯಿ, ಹೆಂಗಿದ್ರೂ ಐದು ನಿಮಿಷ ನಿಲ್ಲಿಸ್ತೀರಿ. ಆ ರಾಶಿ ಪಕ್ಕ ನಿಲ್ಲಿಸ್ರಿ. ನಿಮ್ದೂ ಆಗ್ತೈತೆ, ನಮ್ದೂ ಆಗ್ತೈತೆ."

ನ್ಯಾಯವಾದ ಮಾತು. ಒಪ್ಪಿದೆ. ಹೆಲಿಕಾಪ್ಟರನ್ನು ಎರಡು ಅಡಿ ಎತ್ತಿ ರಾಶಿಯ ಪಕ್ಕ ನಿಲ್ಲಿಸಿದೆ. ಒಂದೇ ಉಸಿರಿಗೆ ಹೊಟ್ಟು, ಧೂಳು, ಜೊಳ್ಳು ಎಲ್ಲ ಎದ್ದು ಕಣವೇ ಮುಚ್ಚಿಹೋಯಿತು. ಆಳುಗಳು ಟವೆಲ್ ಮುಸುಕು ಹಾಕಿಕೊಂಡರು. ಮೈದುನ ಬೆನ್ನು ತಿರುಗಿಸಿ ಕೂತ. ಯಜಮಾನರು ಗಡಿಯಾರ ಮಾತ್ರ ಮೂಗಿನ ಹತ್ತಿರ ಹಿಡಿದು ಎಂಜಿನ್ ಶಬ್ದ ಕೇಳುತ್ತಿದ್ದರು. ನನಗೆ ಆ ಮಬ್ಬಿನಲ್ಲೂ ಕೆಂಪು ಬಾಲ ಕಾಣುತ್ತಿತ್ತು. ಅದರ ಮೇಲೆ ಕಣ್ಣು ನೆಟ್ಟು ಉಸಿರು ಬಿಡದೆ ನಿಂತೆ. ಐದು ನಿಮಿಷ ಹನ್ನೆರಡು ಸೆಕೆಂಡು. ಇಳಿಸಿದಾಗ ನನ್ನ ತಲೆ, ಸೀರೆ, ಹುಬ್ಬು ಎಲ್ಲ ಹೊಟ್ಟು. ಪಕ್ಕದಲ್ಲಿ ಹತ್ತು ಬುಟ್ಟಿಯಷ್ಟು ಭತ್ತ ಹಸನಾಗಿತ್ತು.

ಮೈದುನ ಕಣ್ಣು ಉಜ್ಜಿಕೊಂಡು ಎದ್ದ. "ಹೊತ್ತು ಸರಿ. ಆದ್ರೆ ನಡುವೆ ನೆಲ ಮುಟ್ಲಿಲ್ಲ ಅಂತ ಯಾರು ಕಂಡಾರೆ? ಯಾರ ಕಣ್ಣೂ ತೆರೆದಿರ್ಲಿಲ್ಲ."

"ನಾನು ಕಂಡೀನಿ" ಎಂದೆ.

"ನೀವು ಪರೀಕ್ಷೆ ಬರ್ದೋರು. ನೀವೇ ಮಾರ್ಕ್ಸ್ ಹಾಕ್ಕೊಂಡ್ರೆ ಹೆಂಗ್ರಿ?"

ಯಜಮಾನರು ಗಡಿಯಾರ ನೋಡಿದರು, ರಾಶಿ ನೋಡಿದರು, ಮತ್ತೊಮ್ಮೆ ಹಾರಿಸೋಣ ಎನ್ನಲು ಬಾಯಿ ತೆರೆದರು. ಇಂಧನ ಮುಗಿದಿತ್ತು. ಆಗ ಗಾಡಿಯ ನೆರಳಿನಿಂದ ಅತ್ತೆಯ ದನಿ ಬಂತು.

"ನಾ ಕಂಡೀನಿ. ಈ ಕನ್ನಡಕದೊಳಗೆ ಒಂದು ಚೂರು ಧೂಳು ಬರ್ಲಿಲ್ಲ. ಮೊದ್ಲಿಂದ ಕೊನೀವರ್ಗೂ ಕಣ್ಣು ಕೀಳ್ದಂಗೆ ನೋಡೀನಿ. ನೆಲ ಮುಟ್ಲಿಲ್ಲ."

"ಅವ್ವ, ಖರೇ ಹೇಳು" ಎಂದ ಮೈದುನ.

"ನಿನ್ನ ಹೆತ್ತೋಳು ನಾನು, ಸುಳ್ಳು ಹೇಳ್ಲೇನು? ರೆಕ್ಕೆ ಸೈತ ಅಲುಗದಂಗೆ ನಿಂತಿತ್ತು."

ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷದಲ್ಲಿ ಅತ್ತೆ ಮಗನನ್ನು ಬಿಟ್ಟು ನನ್ನ ಪರ ಮಾತಾಡಿದ್ದು ಅದೇ ಮೊದಲು. ಮೈದುನ ತಾನೇ ಹೆಲಿಕಾಪ್ಟರ್ ಒರೆಸಿ ನನ್ನ ಕೈಗೆ ಕೊಟ್ಟ. ಪುಸ್ತಕದಲ್ಲಿ ಬರೆದೆ. ಎತ್ತರ: ಎರಡು ಅಡಿ. ಮುರಿದದ್ದು: ಏನೂ ಇಲ್ಲ. ಸಾಕ್ಷಿ: ಅತ್ತೆಯವರು.

ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದರು.

"ಅವರ ಮುಂದೆ ಹೇಳಿದ್ರೆ ನಿನ್ನ ಮರ್ಯಾದಿ ಹೋಗ್ತೈತೆ ಅಂತ ಒಂದು ಮಾತು ನುಂಗಿಕೊಂಡೆ."

"ಏನು ಅತ್ತೆ?"

"ಹೆಂಗೆ ಅಷ್ಟು ಎತ್ತರ ಕಳಿಸಿದ್ಯೋ ಏನೋ. ಮೋಡದ ಹತ್ರ ಹೋಗಿ ಸುತ್ತು ಹಾಕ್ತು. ನಡುವೆ ಒಂದ್ಸಲ ಬೇವಿನ ಮರದ ತುದಿಗೆ ಬಂದು ಕುಂತು, ಕೊಕ್ಕಿನಿಂದ ಗರಿ ಸರಿ ಮಾಡ್ಕೊಂಡು, ಮತ್ತೆ ಹಾರ್ತು. ಮರ ನೆಲ ಅಲ್ಲ, ಅದಕ್ಕೇ ಮುಟ್ಲಿಲ್ಲ ಅಂದೆ."

ಕಣದ ಮೇಲೆ ಹದ್ದೊಂದು ಸುತ್ತುತ್ತಿದ್ದುದು ನನಗೆ ಆಗ ನೆನಪಾಯಿತು. ಮುಂದಿನ ಸೀಟಿನಲ್ಲಿ ಮೈದುನ ಕೂತಿದ್ದ.

"ಒಳ್ಳೇದು ಮಾಡಿದ್ರಿ ಅತ್ತೆ" ಎಂದೆ, "ಆ ಕುಂತಿದ್ದು ನನಗೂ ಕಾಣಿಸಿರ್ಲಿಲ್ಲ."