ನಾಲ್ಕು ಮನೆಯ ಸೂಜಿಪೆಟ್ಟಿಗೆ

ಮೂವತ್ತು ವರ್ಷ ಸುದ್ದಿ ಬರೆದವನಿಗೆ ಗಾಬರಿಯಾಗುವ ಹಕ್ಕು ಇರುವುದಿಲ್ಲ. ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದು ಊರೆಲ್ಲ ಕುಣಿಯುತ್ತಿದ್ದಾಗಲೂ ನಾನು ನೀರಿನ ಮಟ್ಟ ಬರೆದುಕೊಳ್ಳುತ್ತ ನಿಂತಿದ್ದವನು. ಅಂಥ ನನ್ನನ್ನು ಕಳೆದ ವಾರ ನಾಲ್ಕಕ್ಷರದ ಒಂದು ಇಂಗ್ಲಿಷ್ ಪದ ಬೆಚ್ಚಿಬೀಳಿಸಿತು ಎಂದು ಒಪ್ಪಿಕೊಳ್ಳಬೇಕಾಗಿದೆ.

ಹಿರಿಯೂರಿನ ತೆಂಗಿನಕಾಯಿ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಪತ್ರಿಕೆಯ ಕಚೇರಿ. ಅಲ್ಲಿಗೆ ಬರುವ ಇಂಗ್ಲಿಷ್ ಪೇಪರ್ ಒಂದೇ. ಹಿರಿತನದ ಮೇಲೆ ಅದರ ಪದಬಂಧ ನನ್ನದು. ಬೆಳಗಿನ ಚಹಾದ ಜೊತೆ ಪೆನ್ನಿನಲ್ಲೇ ತುಂಬುತ್ತೇನೆ, ಪೆನ್ಸಿಲ್ ಮುಟ್ಟುವುದಿಲ್ಲ. ಪುಟ ಕಟ್ಟುವ ಮಂಜಣ್ಣನಿಗೆ ಅದರ ಮೇಲೆ ಬಹಳ ದಿನದ ಕಣ್ಣು. ಅವತ್ತು ಸೂಜಿ ಇಡುವ ಪುಟ್ಟ ಪೆಟ್ಟಿಗೆ ಎಂಬ ಸುಳಿವಿಗೆ ಎಂದಿನಂತೆ 'ಎಟ್ವಿ' (ETUI) ಎಂದು ಬರೆದೆ. ನಾಲ್ಕಕ್ಷರದಲ್ಲಿ ಮೂರು ಸ್ವರ ಇರುವ ಪದ. ಇಕ್ಕಟ್ಟಿನ ಮೂಲೆಯಲ್ಲಿ ಸಿಕ್ಕಿಕೊಂಡ ಪದಬಂಧಕಾರರಿಗೆ ಇದೇ ಗತಿ. ಹಾಗಾಗಿ ಒಮ್ಮೆ ಹೊಲಿಗೆ ಸಾಮಾನಿನ ಡಬ್ಬಿ, ಒಮ್ಮೆ ಫ್ರೆಂಚ್ ಹೆಂಗಸಿನ ಕೈಪೆಟ್ಟಿಗೆ ಎಂದು ವೇಷ ಬದಲಿಸಿ ಬರುತ್ತಲೇ ಇರುತ್ತದೆ. ಪದಬಂಧದ ಆಚೆ ಯಾರೂ ಇದನ್ನು ಆಡಿದ್ದು ನಾನು ಕೇಳಿಲ್ಲ.

“ಏನ್ಸಾರ್ ಇದು? ತಿನ್ನೋದಾ, ಉಟ್ಕಳೋದಾ?” ಮಂಜಣ್ಣ ನನ್ನ ಭುಜದ ಮೇಲಿಂದ ಬಗ್ಗಿದ.

ಅರ್ಥ ಹೇಳಿದೆ.

“ನೀವು ಕಣ್ಣಾರೆ ನೋಡೀರಾ?”

“ನಿಘಂಟಿನಲ್ಲಿದೆಯಪ್ಪ.”

“ಅದೊಂದು ಮೂಲ ಆತು. ಕಂಡೋರಿಲ್ದೆ ಸುದ್ದಿ ಹಾಕ್ಬೇಡ ಅಂತ ನನ್ ಪುಟ ಎಷ್ಟು ಸಲ ನಿಲ್ಸೀರಿ? ನಾಳೆ ಬೆಳಗ್ಗೆ ಒಂದು ತಂದು ತೋರಿಸ್ರಿ. ಇಲ್ಲಾಂದ್ರೆ ಇನ್ಮೇಲೆ ಪದಬಂಧ ನಂದು.”

ನಿಯಮ ನನ್ನದೇ, ಒಪ್ಪದೆ ದಾರಿಯಿರಲಿಲ್ಲ. ದರ್ಜಿಯ ಅಂಗಡಿಗೆ ಹೋಗಿ ವಿಚಾರಿಸಿದೆ. ಅವನು ತನ್ನ ಕಾಲರಿನಿಂದ ಸೂಜಿ ಕಿತ್ತು ತೋರಿಸಿ, “ಇದ್ಕೂ ಒಂದು ಪೆಟ್ಟಿಗೆ ಬೇಕಾ? ಕುಂತ್ಕಳ್ರಿ ಸಾರ್, ಬಿಸಿಲು ಜಾಸ್ತಿ ಐತೆ” ಎಂದು ನೀರು ಕೊಟ್ಟ.

ಸಂಜೆ ಹೆಂಡತಿ ಗೌರಮ್ಮನ ಮುಂದೆ ಸಂಕಟ ತೋಡಿಕೊಂಡೆ. ನಮ್ಮ ಕಡೆ ಸೂಜಿ ಇರುವುದು ಗೋಡೆಯ ಕ್ಯಾಲೆಂಡರಿನಲ್ಲಿ, ಪಿನ್ನು ಇರುವುದು ಹೆಂಗಸರ ಬಳೆಯಲ್ಲಿ, ಪೆಟ್ಟಿಗೆ ಎಲ್ಲಿಂದ ಬರಬೇಕು ಎಂದೆ. ಅವಳು ಎದ್ದು ಬೀರುವಿನಿಂದ ಗೇಣುದ್ದದ ಹಿತ್ತಾಳೆಯ ಪೆಟ್ಟಿಗೆಯೊಂದನ್ನು ತಂದಿಟ್ಟಳು. ಮುಚ್ಚಳ ತೆಗೆದೆ. ಒಳಗೆ ನಾಲ್ಕು ಸೂಜಿ, ದಾರದುಂಡೆ, ಒಂದು ಪುಟ್ಟ ಕತ್ತರಿ.

“ನಮ್ ತವರು ಆದಿವಾಲದಾಗೆ ನಮ್ಮಜ್ಜಿ ಕೊಟ್ಟಿದ್ದು. ನಿಮ್ ಅಂಗಿ ಗುಂಡಿ ಎಲ್ಲಾ ಇದರಾಗಿನ ಸೂಜೀಲೇ ಹಾಕಿರೋದು. ಅದೂ ನಿಮ್ ಎದುರಿಗೇ ಕುಂತು.”

ಬೆಚ್ಚಿಬಿದ್ದೆ. ನನ್ನ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಂಡೆ.

ಮರುದಿನ ಮಂಜಣ್ಣ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಐತೆ ಸಾರ್, ಒಪ್ದೆ. ಇದನ್ನ ಯಾವಾಗ ನೋಡಿದ್ರಿ?”

“ನಿನ್ನೆ ಸಂಜೆ.”

“ಪದಬಂಧದಾಗೆ ಎಷ್ಟು ದಿನದಿಂದ ಬರೀತಾ ಇದೀರಿ?”

“ಇಪ್ಪತ್ತು ವರ್ಷ ಆಗಿರಬೇಕು.”

“ಅಂದ್ರೆ ಇಷ್ಟು ವರ್ಷ ನೋಡದೇ ಬರೆದ್ರಿ!” ಎಂದು ಪೇಪರನ್ನು ತನ್ನ ಕಡೆ ಎಳೆದುಕೊಂಡ.

ತೀರ್ಪಿನಲ್ಲಿ ದೋಷ ಹುಡುಕಿದೆ, ಸಿಗಲಿಲ್ಲ. ಈಗ ಬೆಳಗಿನ ಚಹಾ ಬರೀ ಚಹಾ. ಮನೆಗೆ ಬಂದು, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಗೌರಮ್ಮನ ಮೇಲೆ ರೇಗಿದೆ. “ನೀವೆಲ್ಲಿ ಕೇಳಿದ್ರಿ?” ಎಂದಳು.

ಸುದ್ದಿಯ ಕೊನೆಗೆ ನಾವು ಹಾಕುವ ಸಾಲೊಂದಿದೆ: ಪ್ರತಿಕ್ರಿಯೆಗೆ ಅವರು ಲಭ್ಯರಾಗಲಿಲ್ಲ. ಈ ಪ್ರಕರಣದಲ್ಲಿ ನಾನು ಅದನ್ನೂ ಬರೆಯುವಂತಿಲ್ಲ. ಅವಳು ಪಕ್ಕದಲ್ಲೇ ಕುಳಿತು ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದಳು.